ತಲೆಕೆಳಗಾದ ಇಗರ್ಜಿ

ಕಾಫಿ ಹೂವಿನ ವಾಸನೆ ನನಗಾಗುವುದಿಲ್ಲ. ಹಾಗೆಂದರೆ ಜನ ನನ್ನನ್ನು ಒಂದು ಥರ ನೋಡುತ್ತಾರೆ. ಮಲ್ಲಿಗೆಗಿಂತ ಘಮ, ಅದನ್ನು ನೋಡಲಿಕ್ಕೆಂದೇ ಊರೂರಿಂದ ಕಾರು ಮಾಡಿಕೊಂಡು ಬರುತ್ತಾರೆ ಎಂದು ನನಗೇ ಪಾಠ ಹೇಳುತ್ತಾರೆ. ಹೇಳಲಿ ಬಿಡಿ. ಆಯುಷ್ಯವೆಲ್ಲ ಮೈಸೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿದವಳು, ಈಗ ಸ್ವಲ್ಪ ಕೇಳಿಸಿಕೊಂಡರೆ ತಪ್ಪೇನಿಲ್ಲ.

ಕಳೆದ ಮಾರ್ಚಿನಲ್ಲಿ ಯಸಳೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ನಮ್ಮ ಹಳೆಯ ಮೇಸ್ತ್ರಿ ರಂಗಪ್ಪ ತೀರಿಕೊಂಡನೆಂದು ಸುದ್ದಿ ಬಂದಿತ್ತು. ಅವನ ಹೆಂಡತಿ ಪುಟ್ಟಮ್ಮನನ್ನು ಮಾತಾಡಿಸಿ ಬರೋಣವೆಂದು ಹೊರಟಿದ್ದೆ. ಹಿಂದಿನ ವಾರ ಆ ಕಡೆ ಹೂಮಳೆ ಬಿದ್ದಿತ್ತಂತೆ. ಹೂಮಳೆ ಎಂದರೆ ಬಿರುಬೇಸಿಗೆಯ ನಡುವೆ ಬರುವ ಒಂದು ಒಳ್ಳೆಯ ಮಳೆ. ಅದು ಬಿದ್ದರೆ ಕಾಫಿಯ ಮೊಗ್ಗು ಅರಳುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಟಿಹೋಗುತ್ತದೆ, ಅದರ ಜೊತೆಗೆ ಆ ವರ್ಷದ ಫಸಲೂ ಹೋಗುತ್ತದೆ. ಒಂದು ತಿರುವು ಕಳೆದದ್ದೇ ತಡ, ವಾಸನೆ ಬಸ್ಸಿನೊಳಕ್ಕೆ ನುಗ್ಗಿತು.

"ಆಹಾ, ಏನ್ ಘಮ ಐತೆ ನೋಡಕ್ಕ!" ಎಂದು ಪಕ್ಕದ ಹೆಂಗಸು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. "ಯಾಕಕ್ಕ, ವಾಂತಿ ಬತ್ತೈತಾ? ನಿಂಬೆಹಣ್ಣು ಐತೆ, ಕೊಡ್ಲಾ?" ಎಂದು ಪಾಪ, ಚೀಲ ತಡಕಾಡಿದಳು. ಬೇಡವೆಂದೆ. ಇದು ನಿಂಬೆಹಣ್ಣಿಗೆ ಹೋಗುವ ಸಂಕಟವಲ್ಲ. ಇಂಥದೇ ಒಂದು ಮಾರ್ಚಿನಲ್ಲಿ, ಇದೇ ಹೂವಿನ ನಡುವೆ, ನನ್ನ ಒಡಹುಟ್ಟಿದ ಬೆನ್ನಿಯಣ್ಣ ತೀರಿಕೊಂಡ ಏಳನೇ ದಿನದ ಪೂಜೆ ನಡೆದಿತ್ತು.

ಎಪ್ಪತ್ತರ ದಶಕದ ಕೊನೆಯ ಬೇಸಿಗೆ ಅದು. ಹೆತ್ತೂರಿಗೂ ಯಸಳೂರಿಗೂ ನಡುವೆ ನಮ್ಮದೊಂದು ಸಣ್ಣ ತೋಟ. ಅಜ್ಜನ ಕಾಲದಲ್ಲಿ ಮಂಗಳೂರಿನಿಂದ ಘಟ್ಟ ಹತ್ತಿ ಬಂದ ಕ್ರಿಶ್ಚಿಯನ್ನರು ನಾವು. ಮನೆಯೊಳಗೆ ಕೊಂಕಣಿ, ಕಣಕ್ಕಿಳಿದರೆ ಕನ್ನಡ. ಅಪ್ಪ ಹೋದ ಮೇಲೆ ತೋಟ ಅಮ್ಮನ ಕೈಗೆ ಬಂತು. ಅಮ್ಮ ಕುಳ್ಳಗಿದ್ದಳು, ದನಿ ಮಾತ್ರ ಕೂಲಿಯಾಳುಗಳ ಲೈನಿನ ಕೊನೆಯ ಮನೆಯವರೆಗೂ ಹೋಗುತ್ತಿತ್ತು. ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈಯಲ್ಲಿ ಸ್ಟೋರಿನ ಬೀಗದ ಕೈ. ಅವಳನ್ನು ಬೇರೆ ರೀತಿ ನೆನಪಿಸಿಕೊಳ್ಳಲು ನನಗೆ ಬರುವುದಿಲ್ಲ.

ನಾನು ಹಾಸನದಲ್ಲಿ ಡಿಗ್ರಿ ಮುಗಿಸಿ, ಮುಂದೇನು ಎಂದು ತಿಳಿಯದೆ ಮನೆಯಲ್ಲಿದ್ದೆ. ಬೆನ್ನಿಯಣ್ಣ ಬೊಂಬಾಯಿಯಲ್ಲಿ ಆರ್ಕಿಟೆಕ್ಚರ್ ಓದಿ, ಒಂದು ಕಂಪನಿಯಲ್ಲಿ ಸ್ವಲ್ಪ ಕಾಲ ದುಡಿದು, ಒಂದು ದಿನ ಹೇಳದೆ ಕೇಳದೆ ಟ್ರಂಕು ಹೊತ್ತುಕೊಂಡು ಬಂದುಬಿಟ್ಟಿದ್ದ. "ಹನ್ನೆರಡನೇ ಮಹಡಿಯ ಕಕ್ಕಸಿಗೆ ನಕ್ಷೆ ಬರೆಯಲಿಕ್ಕೆ ನಾನು ಓದಲಿಲ್ಲಮ್ಮ" ಎಂದ. ಅಮ್ಮ ಬೈಯುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಮಗನ ಉದ್ದ ಕೂದಲನ್ನು ಒಮ್ಮೆ ನೋಡಿ, "ಮೊದಲು ಕ್ಷೌರ ಮಾಡಿಸಿಕೊಂಡು ಬಾ, ಆಮೇಲೆ ಊಟ" ಎಂದಳು. ಅಷ್ಟೇ. ನನಗೆ ಹೊಟ್ಟೆಕಿಚ್ಚಾಯಿತು. ನಾನು ಹಾಗೆ ಬಂದಿದ್ದರೆ ಮೂರು ತಿಂಗಳು ಪುರಾಣ ಕೇಳಬೇಕಿತ್ತು.

ಆಗ ನಮ್ಮ ಕಡೆ ಇಗರ್ಜಿ ಇರಲಿಲ್ಲ. ಇಗರ್ಜಿ ಎಂದರೆ ಚರ್ಚು. ತಿಂಗಳಿಗೊಮ್ಮೆ ಪಾದ್ರಿ ಸಕಲೇಶಪುರದಿಂದ ಜೀಪಿನಲ್ಲಿ ಬಂದು ನಮ್ಮ ಕಾಫಿ ಸ್ಟೋರಿನಲ್ಲೇ ಪೂಜೆ ಅರ್ಪಿಸುತ್ತಿದ್ದರು. ಒಂದು ಮೂಲೆಯಲ್ಲಿ ಕಾಫಿ ಮೂಟೆ, ಇನ್ನೊಂದು ಮೂಲೆಯಲ್ಲಿ ದೇವರು. ಸುತ್ತಲ ತೋಟಗಳವರೆಲ್ಲ ಸೇರಿ ಇಗರ್ಜಿ ಕಟ್ಟಬೇಕೆಂದು ಬಹಳ ಕಾಲದಿಂದ ಮಾತಾಡುತ್ತಿದ್ದರು. ಪಕ್ಕದ ತೋಟದ ಪಾಸ್ಕಲ್ ಮಾಮ ಅದರ ಮುಂದಾಳು. ದೊಡ್ಡ ಹೊಟ್ಟೆ, ದೊಡ್ಡ ಹ್ಯಾಟು. ಅವರಿಗೆ ಮಂಗಳೂರಿನಲ್ಲಿರುವಂಥದೇ ಬೇಕು, ಎರಡು ಗೋಪುರ, ಮೇಲೊಂದು ಗಂಟೆ. ಆದರೆ ಸಿಮೆಂಟಿಗೆ ಪರ್ಮಿಟ್ ಕೇಳುತ್ತಿದ್ದ ಕಾಲ ಅದು. ಅರ್ಜಿ ಹಾಕಿ ಹಾಕಿ ಸಾಕಾಗಿತ್ತು.

ಒಂದು ಸಂಜೆ ಅಮ್ಮ ತೇರ್ಸು ಮುಗಿಸಿ, ಅಂದರೆ ಜಪಸರದ ಪ್ರಾರ್ಥನೆ ಮುಗಿಸಿ ಏಳುತ್ತಿದ್ದಳು. ಬೆನ್ನಿಯಣ್ಣ ಅವಳ ಕೈಯಿಂದ ಜಪಸರ ಕಿತ್ತುಕೊಂಡ. ಅದರ ಎರಡು ಕಡೆ ಬೆರಳಿನಿಂದ ಗೋಡೆಗೆ ಒತ್ತಿ ಹಿಡಿದು ನಡುಭಾಗವನ್ನು ಜೋತುಬಿಟ್ಟ. "ಲಿಲ್ಲಿ, ಇದ್ದಿಲು ತಾ" ಎಂದ. ಸುಣ್ಣದ ಗೋಡೆಯ ಮೇಲೆ ಜಪಸರದ ಬಾಗು ಹೇಗಿತ್ತೋ ಹಾಗೆ ನನ್ನ ಕೈಯಲ್ಲಿ ಗೆರೆ ಎಳೆಸಿದ.

"ಇದನ್ನು ತಲೆಕೆಳಗು ಮಾಡಿದರೆ ನಮ್ಮ ಇಗರ್ಜಿ" ಎಂದ. "ಕಂಬ ಬೇಡ, ತೊಲೆ ಬೇಡ, ಕಬ್ಬಿಣ ಬೇಡ, ಪಾಸ್ಕಲ್ ಮಾಮನ ಸಿಮೆಂಟೂ ಬೇಡ. ಬರೀ ಮಣ್ಣು. ತೂಗುವ ಸರಕ್ಕೆ ಎಲ್ಲೂ ನೋವಿಲ್ಲ ನೋಡು. ಅದನ್ನೇ ತಿರುಗಿಸಿದರೆ ಮಣ್ಣಿಗೂ ನೋವಾಗುವುದಿಲ್ಲ."

"ದೇವಮಾತೆಯ ಸರದಲ್ಲಿ ಆಟವಾಡ್ತೀಯಾ, ಕತ್ತೆ!" ಎಂದು ಅಮ್ಮ ಸರ ಕಿತ್ತುಕೊಂಡಳು. ಗೋಡೆಯ ಮೇಲಿನ ಗೆರೆಯನ್ನು ಮಾತ್ರ ನಿಂತು ನೋಡಿದಳು. ಮಗ ಹೇಳಿದ್ದು ಅರ್ಥವಾಯಿತೋ ಇಲ್ಲವೋ, ಅವನ ಕಣ್ಣು ಹೊಳೆಯುತ್ತಿದ್ದದ್ದು ಅವಳಿಗೆ ಸಾಕಾಗಿತ್ತು.

ಆಮೇಲಿನ ವಾರಗಳಲ್ಲಿ ಅವನು ಸ್ಟೋರಿನ ಜಂತಿಗೆ ಗೋಣಿದಾರ ಕಟ್ಟತೊಡಗಿದ. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾರ, ಗಂಟು ಗಂಟಿಗೂ ಒಣಗಿದ ಕಾಫಿ ಹಣ್ಣು. ದಿನಾ ಒಂದು ಹಣ್ಣು ತೆಗೆಯುತ್ತಿದ್ದ, ಎರಡು ಸೇರಿಸುತ್ತಿದ್ದ, ದೂರ ನಿಂತು ಸಿಳ್ಳೆ ಹಾಕುತ್ತಿದ್ದ. ಕೊನೆಗೆ ಜಂತಿಯಿಂದ ಒಂದು ದೊಡ್ಡ ಬಲೆ ಜೋತಾಡತೊಡಗಿತು. ಯಾರಿಗೂ ತಲೆಬುಡ ತಿಳಿಯಲಿಲ್ಲ. ಆಗ ಅವನು ಅಮ್ಮನ ಮದುವೆಯ ಬೀರುವಿನಿಂದ ಉದ್ದ ಕನ್ನಡಿಯನ್ನು ಬಿಚ್ಚಿ ತಂದು ಬಲೆಯ ಕೆಳಗೆ ನೆಲಕ್ಕೆ ಮಲಗಿಸಿದ.

ಕನ್ನಡಿಯೊಳಗೆ ಇಗರ್ಜಿ ಎದ್ದು ನಿಂತಿತ್ತು. ನಡುವೆ ದೊಡ್ಡ ಗುಮ್ಮಟ, ಅದಕ್ಕೆ ಒರಗಿಕೊಂಡು ಸಣ್ಣವು. ನಾನು ಆಮೇಲೆ ದೊಡ್ಡ ದೊಡ್ಡ ಊರುಗಳಲ್ಲಿ ಕಲಾಪ್ರದರ್ಶನಗಳನ್ನು ನೋಡಿದ್ದೇನೆ. ದಾರ, ಕನ್ನಡಿ, ಕಬ್ಬಿಣದ ಚೂರುಗಳನ್ನು ಜೋಡಿಸಿಟ್ಟಿರುತ್ತಾರೆ, ಸುತ್ತ ಜನ ಪಿಸುಗುಟ್ಟುತ್ತಾ ಓಡಾಡುತ್ತಿರುತ್ತಾರೆ. ನನಗೆ ಅದೆಲ್ಲ ಹೊಸದೆನಿಸಲೇ ಇಲ್ಲ. ನಮ್ಮ ಸ್ಟೋರಿನಲ್ಲಿ ಇಲಿಯ ವಾಸನೆಯ ನಡುವೆ ಅದು ಯಾವತ್ತೋ ಆಗಿಹೋಗಿತ್ತು.

ಲೈನಿನವರೆಲ್ಲ ನೋಡಲು ಬಂದರು. ರಂಗಪ್ಪ ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡಿದ, ಕೆಳಗೆ ನೋಡಿದ.

"ಅಲ್ಲಾ ಬೆನ್ನಿ ಸಾಮಿ, ದೇವ್ರ ಮನೇನೇ ತಲೆಕೆಳ್ಗ ನೇತಾಕ್ಬುಟ್ರೆ ದೇವ್ರು ಎಲ್ ಕೂತ್ಕೊಬೇಕು? ಬಾವಲೀನಾ ಅವ್ನು?"

"ಸುಮ್ಕಿರಿ ಅತ್ಲಾಗೆ" ಎಂದಳು ಪುಟ್ಟಮ್ಮ, ಕನ್ನಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು. "ಅಯ್ಯೋ ಮಾರಾಯ್ತಿ ಲಿಲ್ಲವ್ವ, ಇಲ್ ನೋಡಿದ್ರೆ ನೆಟ್ಟಗೈತೆ! ನನ್ ಮೊಕಾನೂ ಕಾಣ್ತೈತೆ ಅದ್ರೊಳಗೆ."

ಪಾದ್ರಿ ಬಂದವರು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, ಕಟ್ಟಿ ಎಂದರು. ಪಾಸ್ಕಲ್ ಮಾಮ ಹ್ಯಾಟು ತೆಗೆದು ತಲೆ ಕೆರೆದುಕೊಂಡರು. "ಹುತ್ತ ಕಟ್ತೀಯಲ್ಲೋ ಬೆನ್ನಿ! ಜನ ನಮ್ಮನ್ನು ಗೆದ್ದಲು ಅನ್ನಲ್ವಾ?" ಅಮ್ಮ ಮಧ್ಯೆ ಬಾಯಿ ಹಾಕಿದಳು. "ನಿಮ್ಮ ಎರಡು ಗೋಪುರ ಅರ್ಜಿಯಲ್ಲೇ ಇದೆಯಲ್ಲ ಪಾಸ್ಕಲ್ ಬಾವ, ಅದು ಬರೋವರೆಗೆ ಹುತ್ತದಲ್ಲೇ ಕೂರೋಣ." ಮಾಮ ನಕ್ಕು ಸೋತರು. ಮಾರನೆಯ ವಾರ ಅವರೇ ತಮ್ಮ ಜೀಪಿನಲ್ಲಿ ಸುಣ್ಣದ ಮೂಟೆ ಹಾಕಿಸಿಕೊಂಡು ಬಂದರು.

ಕೊಯ್ಲು ಮುಗಿಯುತ್ತಿದ್ದಂತೆ ಕೆಲಸ ಶುರುವಾಯಿತು. ನಮ್ಮ ಕಣದ ಎದುರಿಗಿದ್ದ ಗುಡ್ಡದ ನೆತ್ತಿ ಅದಕ್ಕೆ ಜಾಗ. ಅಲ್ಲಿಂದ ಕೂಗಿದರೆ ಕೆಳಗೆ ಕೇಳಿಸದು, ಆದರೆ ನಿಂತವರು ಯಾರೆಂದು ಗುರುತು ಸಿಗುತ್ತಿತ್ತು. ಮಣ್ಣು ಕಲಸಿ, ಅಚ್ಚು ಹೊಡೆದು, ಬಿಸಿಲಿಗೆ ಒಣಗಿಸಿದ ಇಟ್ಟಿಗೆ. ರಂಗಪ್ಪ ಮೊದಮೊದಲು ಒಪ್ಪಲೇ ಇಲ್ಲ. "ಕೆಳಗೆ ಆಸ್ರೆ ಇಲ್ದೆ ಇಟ್ಗೇನ ವಾಲ್ಸಿ ಕಟ್ಟು ಅಂದ್ರೆ ನಾನೇನ್ ಮಂತ್ರವಾದೀನಾ?" ಎಂದ. ಬೆನ್ನಿಯಣ್ಣ ಅಂಗಿ ಬಿಚ್ಚಿ ತಾನೇ ಮೊದಲ ವರಸೆ ಕಟ್ಟಿದ. ಅದು ವಕ್ರವಾಯಿತು. ಇಬ್ಬರೂ ನಕ್ಕು ಕೆಡವಿದರು, ಮತ್ತೆ ಕಟ್ಟಿದರು. ಫೆಬ್ರವರಿ ಮುಗಿಯುವ ಹೊತ್ತಿಗೆ ಅವರಿಬ್ಬರ ಜಗಳ, ಬೀಡಿ, ಚಹಾ ಎಲ್ಲ ಒಂದೇ ಆಗಿತ್ತು.

ಮಧ್ಯಾಹ್ನ ಹಸಿವಾದಾಗ ಬೆನ್ನಿಯಣ್ಣ ಗುಮ್ಮಟದ ಸುತ್ತ ಗಳು ಕಟ್ಟಿದ ಸಾರುವೆಯ ಮೇಲೆ ನಿಂತು ಕೈ ಬೀಸುತ್ತಿದ್ದ. ಅಮ್ಮ ಕಣದಲ್ಲಿ ನಿಂತು ತಾನೂ ಬೀಸುತ್ತಿದ್ದಳು. ಅದು ಅವರಿಬ್ಬರ ಟೆಲಿಫೋನು. ಆಮೇಲೆ ನಾನು ಬುತ್ತಿ ಹೊತ್ತುಕೊಂಡು ಗುಡ್ಡ ಹತ್ತಬೇಕು. "ನಿಮ್ಮಿಬ್ಬರ ಕೈ ಬೀಸಾಟಕ್ಕೆ ನನ್ನ ಕಾಲು ಸವೀತಿದೆ" ಎಂದು ಗೊಣಗುತ್ತಿದ್ದೆ. ಹತ್ತಿ ಹೋದ ಮೇಲೆ ಮಾತ್ರ ಇಳಿಯಲು ಮನಸ್ಸಾಗುತ್ತಿರಲಿಲ್ಲ. ಗುಮ್ಮಟದೊಳಗೆ ಕೂತರೆ ಹೊರಗಿನ ಬಿಸಿಲು ನೆನಪಿಗೇ ಬರುತ್ತಿರಲಿಲ್ಲ. ಹಸಿಮಣ್ಣಿನ ತಂಪು, ಮೇಲೆ ದುಂಡಗೆ ಕತ್ತರಿಸಿಟ್ಟಂಥ ಆಕಾಶ. ದಿನದಿಂದ ದಿನಕ್ಕೆ ಆ ಆಕಾಶ ಸಣ್ಣದಾಗುತ್ತಿತ್ತು.

"ಇಲ್ಲಿ ಮೊದಲ ಪೂಜೆ ಆದ ದಿನ ಅಮ್ಮ ಎಲ್ಲಿ ಕೂರ್ತಾಳೆ ಗೊತ್ತಾ?" ಎಂದ ಒಂದು ದಿನ, ಬಾಯಲ್ಲಿ ಅನ್ನವಿಟ್ಟುಕೊಂಡು. "ಸರಿಯಾಗಿ ನಡುವೆ. ಅವಳ ಸರದಿಂದ ಹುಟ್ಟಿದ ಮನೆ ಇದು. ಅವಳಿಗೆ ತೋರಿಸಬೇಕು ಕಣೇ ಲಿಲ್ಲಿ, ನಾನು ಸುಮ್ಮನೆ ಓಡಿ ಬರಲಿಲ್ಲ ಅಂತ."

ಆದರೆ ಆ ವರ್ಷ ತೋಟಗಳ ಕಥೆಯೇ ಬೇರೆ ಇತ್ತು. ಹಿಂದಿನ ವರ್ಷ ಹೂಮಳೆ ಕೈಕೊಟ್ಟು ಫಸಲು ಅರ್ಧಕ್ಕೆ ನಿಂತಿತ್ತು. ಈ ವರ್ಷವೂ ಮಾರ್ಚ್ ಬಂದರೂ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಅಕ್ಕಿಕಾಳಿನಷ್ಟು ಮೊಗ್ಗುಗಳು ಗಿಡಗಳ ತುಂಬ ಕಾಯುತ್ತಾ ಕೂತಿದ್ದವು. ಅಮ್ಮ ಬೆಳಿಗ್ಗೆ ಎದ್ದು ಮೊದಲು ಆಕಾಶ ನೋಡುತ್ತಿದ್ದಳು, ಆಮೇಲೆ ಗಿಡ. ಮೊಗ್ಗಿನ ತುದಿ ಕಂದಾಗುತ್ತಿತ್ತು. ಇನ್ನೊಂದು ವರ್ಷ ಫಸಲು ಹೋದರೆ ನಮ್ಮಂಥ ಸಣ್ಣವರು ತೋಟ ಮಾರಿಕೊಂಡು ಘಟ್ಟ ಇಳಿಯಬೇಕಿತ್ತು.

ಗುಡ್ಡದ ಮೇಲೋ, ಮಳೆ ಬೀಳಲೇಬಾರದು. ಗುಮ್ಮಟದ ನೆತ್ತಿಯಲ್ಲಿ ಮೊರದಗಲ ಕಂಡಿ ಉಳಿದಿತ್ತು. ಅದು ಮುಚ್ಚಿ, ಮೇಲೆ ಸುಣ್ಣದ ಗಾರೆ ಬಳಿದು ಒಣಗುವವರೆಗೆ ಅದು ಬರೀ ಹಸಿಮಣ್ಣು. ಕಾಫಿ ಒಣಗಿಸುವ ಟಾರ್ಪಾಲುಗಳನ್ನೆಲ್ಲ ಬೆನ್ನಿಯಣ್ಣ ಗುಡ್ಡಕ್ಕೆ ಸಾಗಿಸಿ, ಸಂಜೆ ಕೆಲಸ ಬಿಡುವಾಗ ಗುಮ್ಮಟಕ್ಕೆ ಹೊದಿಸಿ ಹಗ್ಗ ಬಿಗಿದು ಬರುತ್ತಿದ್ದ.

ಒಂದೇ ಮನೆಯಲ್ಲಿ ಒಬ್ಬರು ಮಳೆ ಬರಲಿ ಎನ್ನುವವರು, ಒಬ್ಬರು ಬೇಡ ಎನ್ನುವವರು. ನಡುವೆ ನಾನು, ಯಾರ ಕಡೆ ಆಮೆನ್ ಹೇಳಬೇಕೋ ತಿಳಿಯದೆ.

ಪಾಸ್ಕಲ್ ಮಾಮ ಮಳೆಗಾಗಿ ನೊವೇನ ಇಡಿಸಿದರು. ಒಂಬತ್ತು ದಿನದ ಪ್ರಾರ್ಥನೆ, ನಮ್ಮ ಸ್ಟೋರಿನಲ್ಲೇ. ಅಮ್ಮನೇ ಮುಂದೆ ನಿಂತು ಹೇಳಿಕೊಡಬೇಕು, ಅವಳ ದನಿ ಅಂಥದು. ಮೊದಲ ದಿನ ಹೊರಡುವಾಗ ಬೆನ್ನಿಯಣ್ಣ ಬಾಗಿಲಿಗೆ ಅಡ್ಡ ನಿಂತ.

"ಅಮ್ಮ, ಇನ್ನು ಹದಿನೈದು ದಿನ ತಡೆದು ಬೇಡಿಕೊಳ್ಳಲಿಕ್ಕಾಗಲ್ವಾ?"

"ಮೊಗ್ಗು ತಡೀಬೇಕಲ್ಲ ಮಗಾ."

"ಹಾಗಾದರೆ ವಿಳಾಸ ಸರಿಯಾಗಿ ಹೇಳು. ತೋಟಕ್ಕೆ ಬರಲಿ, ಗುಡ್ಡಕ್ಕೆ ಬೇಡ."

ಅವನು ತಮಾಷೆಗೆ ಹೇಳಿದ್ದು. ಅಮ್ಮ ತಮಾಷೆಗೆ ತೆಗೆದುಕೊಳ್ಳಲಿಲ್ಲ. ಪ್ರತಿದಿನ ಕೊನೆಯಲ್ಲಿ ಕಣ್ಣು ಮುಚ್ಚಿ, "ತಾಯೇ, ತೋಟಕ್ಕೆ ಮಳೆ ಕೊಡು, ಗುಡ್ಡಕ್ಕೆ ಬೇಡ" ಎಂದು ದೊಡ್ಡ ದನಿಯಲ್ಲಿ ಬೇಡಿಕೊಂಡಳು. ಜನ ಮುಸಿಮುಸಿ ನಗುತ್ತಿದ್ದರು. ಪಾಸ್ಕಲ್ ಮಾಮನಂತೂ, "ದೇವರು ಮಳೆಗೆ ಗಡಿಕಲ್ಲು ಹಾಕಬೇಕಾ ಮಾರಾಯ್ತಿ?" ಎಂದು ಗೇಲಿ ಮಾಡಿದರು. ಅಮ್ಮ ನಗಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ದೂರದ ತೋಟಗಳಿಂದಲೂ ಜನ ಬರುವವರಿದ್ದರು, ಲೈನಿನವರೂ ಬರುತ್ತೇವೆಂದಿದ್ದರು. ಮಳೆ ಎಲ್ಲರಿಗೂ ಬೇಕಲ್ಲ. ಅಷ್ಟು ಜನರನ್ನು ಕೂರಿಸಲು ಚಾಪೆ ಸಾಲದು, ಸ್ಟೋರಿನ ನೆಲದ ತುಂಬ ಕಾಫಿ ಹೊಟ್ಟಿನ ಧೂಳು. ಅಮ್ಮ ಏನು ಮಾಡುವುದೆಂದು ಯೋಚಿಸುತ್ತಿದ್ದಳು. ಬೆನ್ನಿಯಣ್ಣ ಆಕಾಶ ನೋಡಿದ. ಒಂದು ಮೋಡವಿಲ್ಲ. "ಟಾರ್ಪಾಲು ತಂದು ಹಾಸ್ತೀನಿ ತಡಿ. ಸಂಜೆಗೆ ವಾಪಸ್ ಒಯ್ದರಾಯ್ತು" ಎಂದ. ರಂಗಪ್ಪ ಸಂತೆಗೆ ಹೋಗಿದ್ದ. ಹಾಗಾಗಿ ಇವನೊಬ್ಬನೇ ಗುಡ್ಡಕ್ಕೂ ಸ್ಟೋರಿಗೂ ಹತ್ತಿ ಇಳಿದು, ಹೆಗಲ ಮೇಲೆ ಹೊತ್ತು ತಂದು ಹಾಸಿದ. ಹರಿದದ್ದೊಂದನ್ನು ಅಲ್ಲೇ ಬಿಟ್ಟ. ಮಳೆ ಬೇಡುವವರು ಕೂರಲೆಂದು ಗುಮ್ಮಟದ ಹೊದಿಕೆ ಕೆಳಗೆ ಬಂತು.

ಊಟದ ಮೇಲೆ ಪ್ರಾರ್ಥನೆ. ಅಮ್ಮ ಮುಂದೆ, ಜನ ಹಿಂದೆ, ಎಲ್ಲರ ತಲೆಯ ಮೇಲೆ ಅವನ ಬಲೆ ಜೋತಾಡುತ್ತಿತ್ತು. ಅರ್ಧಕ್ಕೇ ಬೆನ್ನಿಯಣ್ಣ ನನ್ನ ಕಿವಿಯಲ್ಲಿ, "ಸೆಕೆ ಕಣೇ, ನಾನು ಮೇಲೆ ಹೋಗಿ ಸ್ವಲ್ಪ ಒರಗ್ತೀನಿ" ಎಂದು ಹೇಳಿ ಎದ್ದು ಹೋದ. ಅವನು ನನಗೆ ಹೇಳಿದ ಕೊನೆಯ ಮಾತು ಅದು. ಇಂಥ ಸಾಧಾರಣ ಮಾತು.

ಬಿಸಿಲೆ ಘಟ್ಟದ ಕಡೆಯಿಂದ ಮೋಡ ಯಾವಾಗ ಎದ್ದಿತೋ ಒಳಗಿದ್ದ ನಮಗೆ ಗೊತ್ತಾಗಲಿಲ್ಲ. ಕೊನೆಯ ಆಮೆನ್‌ಗೆ ಮೊದಲೇ ತಗಡಿನ ಮೇಲೆ ಟಪ್ ಎಂದಿತು. ಮತ್ತೊಂದು ಟಪ್. ಸ್ಟೋರಿನ ಜನರೆಲ್ಲ ಒಮ್ಮೆಲೇ ತಲೆ ಎತ್ತಿದರು. ಅಷ್ಟರಲ್ಲಿ ಕಿವಿ ಕಿವುಡಾಗುವಂತೆ ಸುರಿಯಿತು ನೋಡಿ!

ಪ್ರಾರ್ಥನೆ ಅಲ್ಲಿಗೇ ನಿಂತಿತು. ಎಲ್ಲರೂ ಕಣಕ್ಕೆ ಓಡಿದರು. ಹೂಮಳೆ ಬಂದಾಗ ನಮ್ಮ ಕಡೆ ಯಾರೂ ಒಳಗಿರುವುದಿಲ್ಲ, ನೆನೆಯಲೇಬೇಕು. ಯಾರೋ ಆಳುಗಳನ್ನು ಕರೆಯುವ ಮಸ್ಟರಿನ ಗಂಟೆ ಬಾರಿಸಿದರು, ಪಕ್ಕದ ತೋಟದಿಂದಲೂ ಗಂಟೆ ಕೇಳಿಸಿತು. ಪಾಸ್ಕಲ್ ಮಾಮ ಹ್ಯಾಟು ಗಾಳಿಗೆ ಎಸೆದು ಕುಣಿದರು. ಪುಟ್ಟಮ್ಮ ಬಾಯಿ ತೆರೆದು ಮಳೆ ಕುಡಿದಳು. "ಬಂದ್ಬುಡ್ತು ಕಣ್ರೀ ಅಮ್ಮಾವ್ರೆ, ಬಂದೇ ಬುಡ್ತು!" ಅಮ್ಮ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಗ ಗುಡ್ಡದ ಮೇಲೆ ಬೆನ್ನಿಯಣ್ಣ ಕಂಡ. ಸಾರುವೆಯ ಮೇಲೆ ನಿಂತು ಕೈ ಬೀಸುತ್ತಿದ್ದ. ಒಂದು ಕೈಯಲ್ಲ, ಎರಡೂ ಕೈ.

"ನೋಡಿ ನೋಡಿ, ಬೆನ್ನೀನೂ ಕುಣೀತಿದ್ದಾನೆ!" ಎಂದು ಪಾಸ್ಕಲ್ ಮಾಮ ಕೂಗಿದರು.

ಅಮ್ಮ ಎರಡೂ ಕೈ ಎತ್ತಿ ಬೀಸಿದಳು. ಅವಳ ಬಲಗೈಯಲ್ಲಿ ಜಪಸರ ಹಾರಾಡುತ್ತಿತ್ತು. ನಾವೆಲ್ಲ ಬೀಸಿದೆವು. ಕಣದ ತುಂಬ ಜನ, ಎಲ್ಲರ ಕೈಯೂ ಮೇಲೆ. ಅವನು ಮತ್ತೂ ಜೋರಾಗಿ ಬೀಸಿದ. ನಾವು ಇನ್ನೂ ಜೋರಾಗಿ ಬೀಸಿದೆವು. ಸ್ವಲ್ಪ ಹೊತ್ತಿಗೆ ಅವನು ಬೀಸುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಾ ನಿಂತ. ಆಮೇಲೆ ಬೆನ್ನು ತಿರುಗಿಸಿದ. ಮಳೆ ದಟ್ಟವಾಗಿ ಗುಡ್ಡ ಮರೆಯಾಯಿತು.

ಅಮ್ಮ ಎಲ್ಲರಿಗೂ ಕಾಫಿ ಮಾಡಿಸುತ್ತೇನೆಂದು ಸ್ಟೋರಿನೊಳಕ್ಕೆ ಹೋದಳು. ನಾನು ಹಿಂದೆಯೇ ಹೋದೆ. ಬಾಗಿಲು ದಾಟಿ ನಾಲ್ಕು ಹೆಜ್ಜೆಗೆ ಅವಳು ನಿಂತುಬಿಟ್ಟಳು. ಒದ್ದೆ ಕಾಲಿನ ಕೆಳಗೆ ಏನಿದೆಯೆಂದು ನೋಡಿದಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ಲಿಲ್ಲಿ" ಎಂದಳು. "ಟಾರ್ಪಾಲು."

ಆಮೇಲೆ ಅವಳು ಕೂಗಿದ ಕೂಗು ಮಳೆಯನ್ನೂ ಸೀಳಿಕೊಂಡು ಹೋಯಿತು. ಗಂಡಸರು ಓಡಿ ಬಂದರು. ಹಾಸಿದ್ದನ್ನೆಲ್ಲ ಎಳೆದು, ಸುತ್ತಿ, ಹೊತ್ತುಕೊಂಡು ಗುಡ್ಡ ಹತ್ತಿದೆವು. ದಾರಿಯೆಲ್ಲ ಕೆಸರು, ಜಾರುತ್ತಿದ್ದೆವು, ಬೀಳುತ್ತಿದ್ದೆವು. ಪಾಸ್ಕಲ್ ಮಾಮ ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಎಲ್ಲರಿಗಿಂತ ಮುಂದಿದ್ದರು. ಅರ್ಧ ದಾರಿಯಲ್ಲಿದ್ದಾಗ ಮೇಲೆ ಧೊಪ್ಪೆಂದಿತು. ದೊಡ್ಡ ಸದ್ದೇನಲ್ಲ, ಮೂಟೆ ಕೆಳಗಿಳಿಸಿದ ಹಾಗೆ. ಎಲ್ಲರೂ ನಿಂತರು. ಅಮ್ಮ ನಿಲ್ಲಲಿಲ್ಲ.

ಆ ಹರಿದ ಟಾರ್ಪಾಲನ್ನು ಅವನು ನೆತ್ತಿಯ ಕಂಡಿಗೆ ಎಳೆದಿದ್ದ. ಅದರಲ್ಲಿ ನೀರು ತುಂಬಿ ಭಾರವಾಗಿ ಕೆಳಕ್ಕೆ ಜಗ್ಗಿರಬೇಕು. ಅದನ್ನು ಚೆಲ್ಲಲು ಇವನು ನೆತ್ತಿಗೇ ಹತ್ತಿದ್ದ. ಹಸಿಮಣ್ಣು ಎಷ್ಟನ್ನೆಂದು ತಡೆದೀತು. ಗಂಡಸರು ಕೈಯಲ್ಲೇ ಬಗೆದು ತೆಗೆದರು. ಅಮ್ಮ ಕೆಸರಿನಲ್ಲಿ ಕೂತು ಮಗನ ಮುಖ ಒರೆಸಿದಳು. ಮಳೆ ನೀರೇ ಸುರಿಯುತ್ತಿದ್ದರೂ ಸೆರಗಿನಿಂದ ಒರೆಸುತ್ತಲೇ ಇದ್ದಳು.

ಸಂಜೆ ರಂಗಪ್ಪ ಸಂತೆಯಿಂದ ಬಂದ. ಕೈಯಲ್ಲಿ ಬೆನ್ನಿಯಣ್ಣನಿಗೆಂದು ತಂದ ಕಡ್ಲೆಪುರಿ ಪೊಟ್ಟಣವಿತ್ತು. ಅದನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಬಾಗಿಲಲ್ಲಿ ನಿಂತ. "ನಾನಿದ್ದಿದ್ರೆ ಮ್ಯಾಕೆ ಹತ್ತಾಕೆ ಬುಡ್ತಿರ್ಲಿಲ್ಲ ಅಮ್ಮಾವ್ರೆ" ಎಂದ. "ಮಣ್ಣು ಹೋದ್ರೆ ಇನ್ನೊಂದ್ ದಪ ಕಟ್ಟಾನ ಬಾ ಅಂತ ಕೈ ಇಡ್ಕಂಡು ಎಳ್ಕೊಂಬತ್ತಿದ್ದೆ." ಹಾಗೆಂದು ಹೇಳಿ ಹೊಸ್ತಿಲಲ್ಲೇ ಕುಸಿದು ಕೂತ.

ಏಳನೇ ದಿನದ ಪೂಜೆಗೆ ಬೆಳಿಗ್ಗೆ ಬಾಗಿಲು ತೆಗೆದರೆ ಇಡೀ ತೋಟ ಬೆಳ್ಳಗೆ ಅರಳಿ ನಿಂತಿತ್ತು. ಅಷ್ಟು ಹೂವನ್ನು ನಮ್ಮ ಕಡೆಯ ಹಿರಿಯರೂ ಕಂಡಿರಲಿಲ್ಲವಂತೆ. ಸ್ಟೋರಿನ ತುಂಬ ಜನ. ಮೇಲೆ ಅವನ ಬಲೆ. ಒಳಗೆಲ್ಲ ಆ ಘಮ. ಪಾಸ್ಕಲ್ ಮಾಮ ಹ್ಯಾಟನ್ನು ಎದೆಗೆ ಒತ್ತಿಕೊಂಡು ಅಮ್ಮನ ಮುಂದೆ ನಿಂತರು. "ಮಳೆ ಚೆನ್ನಾಗಿ ಆಯ್ತು ಅಂತ ಅನ್ನೋ ಹಾಗೂ ಇಲ್ಲ, ಆಗಬಾರದಿತ್ತು ಅನ್ನೋ ಹಾಗೂ ಇಲ್ಲ. ನಾನು ಏನನ್ನಲಿ ಹೇಳು" ಎಂದು ಮಗುವಿನಂತೆ ಅತ್ತರು. ಅಮ್ಮ ಅವರ ಭುಜದ ಮೇಲೆ ಕೈಯಿಟ್ಟಳು. ಅವಳೇ ಸಮಾಧಾನ ಹೇಳಬೇಕಾಗಿ ಬಂತು, ನೋಡಿ.

ಆ ವರ್ಷ ಕೊಂಬೆ ಮುರಿಯುವಷ್ಟು ಫಸಲು ಬಂತು. ತೋಟ ಉಳಿಯಿತು. ಕನ್ನಡಿ ಮತ್ತೆ ಬೀರುವಿಗೆ ಹೋಯಿತು. ಬಲೆಯನ್ನು ಬಿಚ್ಚಲೆಂದು ರಂಗಪ್ಪ ಒಂದು ದಾರ ಎಳೆದ, ಇಡೀ ಬಲೆ ಅಲುಗಾಡಿತು. "ಬೇಡ, ಬಿಡು" ಎಂದಳು ಅಮ್ಮ. ಅದರ ಕೆಳಗೇ ಮೂಟೆಗಳನ್ನು ಪೇರಿಸಿದರು. ದಾರವನ್ನು ಇಲಿಗಳು ಕಡಿದವು, ಒಂದೊಂದಾಗಿ ಹಣ್ಣು ಉದುರಿತು. ಕೆಲವು ವರ್ಷಗಳ ಮೇಲೆ ರಸ್ತೆಬದಿಯಲ್ಲಿ ಸಿಮೆಂಟಿನ ಇಗರ್ಜಿ ಎದ್ದಿತು. ಪಾಸ್ಕಲ್ ಮಾಮ ಅದಕ್ಕೆ ಒಂದೇ ಗೋಪುರ ಸಾಕೆಂದರು.

ಅಮ್ಮ ಅದಾದ ಮೇಲೂ ಬಹಳ ಕಾಲ ಬದುಕಿದಳು. ದೇವರನ್ನು ಬಿಡಲಿಲ್ಲ. ಆದರೆ ತೇರ್ಸು ಹೇಳುವಾಗ ಜಪಸರವನ್ನು ಮುಷ್ಟಿಯೊಳಗೆ ಪೂರ್ತಿ ತುಂಬಿಕೊಳ್ಳುತ್ತಿದ್ದಳು, ಜೋತುಬೀಳಲು ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಪಾದ್ರಿ ಮಳೆಗಾಗಿ ಪ್ರಾರ್ಥಿಸೋಣ ಎಂದರೆ ಅವಳ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಇನ್ನೊಂದು ಬದಲಾವಣೆ ನನಗೆ ಸ್ವಲ್ಪ ತಡವಾಗಿ ತಿಳಿಯಿತು. ಅದೇ ವರ್ಷ ಜೂನಿನಲ್ಲಿ ನಾನು ಬಿ.ಎಡ್. ಓದಲು ಮೈಸೂರಿಗೆ ಹೊರಟೆ. ಅಮ್ಮ ಬಸ್ಸು ಹತ್ತಿಸಲು ಬಂದು ಕೊಡೆ ಹಿಡಿದು ನಿಂತಿದ್ದಳು. ಬಸ್ಸು ಹೊರಟಿತು. ನಾನು ಕಿಟಕಿಯಿಂದ ಕೈ ಬೀಸಿದೆ. ಅಮ್ಮ ಕೊಡೆ ಬಿಸುಟು ಬಸ್ಸಿನ ಹಿಂದೆ ಓಡಿ ಬಂದಳು. ಕೆಸರಿನಲ್ಲಿ ಚಪ್ಪಲಿ ಕಳಚಿತು, ಸೆರಗು ಜಾರಿತು. ಬಸ್ಸಿನ ಮೈ ಬಡಿದಳು. ಡ್ರೈವರು ಗಾಬರಿಯಾಗಿ ನಿಲ್ಲಿಸಿದ.

"ಏನು ಬೇಕು? ಏನು ಬೇಕು ಮಗಾ, ಹೇಳು!"

"ಏನೂ ಬೇಡಮ್ಮ. ಸುಮ್ಮನೆ ಕೈ ಬೀಸಿದೆ."

ಅವಳು ಏದುಸಿರು ಬಿಡುತ್ತಾ ಕಿಟಕಿಯ ಸರಳು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು. "ಸುಮ್ಮನೆ ಬೀಸಬೇಡ" ಎಂದಳು. ಅವಳಿರುವವರೆಗೆ ನಾನು ಅವಳಿಗೆ ಮತ್ತೆ ಕೈ ಬೀಸಲಿಲ್ಲ. ಬಸ್ಸು ಹೊರಟಾಗ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ.

ತೋಟ ಈಗ ಪಾಸ್ಕಲ್ ಮಾಮನ ಮಗನದು. ಕಳೆದ ಮಾರ್ಚಿನಲ್ಲಿ ಬಸ್ಸಿಳಿದು, ಮೂಗಿಗೆ ಸೆರಗು ಒತ್ತಿಕೊಂಡೇ ಹಳೆಯ ಕಣದವರೆಗೆ ನಡೆದೆ. ಗುಡ್ಡದ ಮೇಲೆ ಗುಮ್ಮಟವಿದ್ದ ಜಾಗ ಒಂದು ದಿಬ್ಬವಾಗಿದೆ. ಅದರ ಮೇಲೂ ಕಾಫಿ ಹಾಕಿದ್ದಾರೆ, ಅದೂ ಹೂಬಿಟ್ಟಿತ್ತು. ದಿಬ್ಬದ ಪಕ್ಕ ಸೌದೆ ಆಯುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿದಳು. ಪುಟ್ಟಮ್ಮ. ಎರಡೂ ಕೈ ಎತ್ತಿ ಬೀಸಿದಳು.

ನನ್ನ ಕೈ ತಾನಾಗಿ ಮೇಲೆದ್ದಿತು. ಅರ್ಧಕ್ಕೇ ಇಳಿಸಿದೆ. ಚಪ್ಪಲಿ ಕೈಗೆ ತೆಗೆದುಕೊಂಡು ಗುಡ್ಡ ಹತ್ತಿ ಓಡಿದೆ. ನನ್ನ ಮಂಡಿನೋವು, ನನ್ನ ವಯಸ್ಸು, ಯಾವುದೂ ನೆನಪಾಗಲಿಲ್ಲ. ಮೇಲೆ ಮುಟ್ಟುವ ಹೊತ್ತಿಗೆ ಉಸಿರೇ ಇರಲಿಲ್ಲ.

"ಏನು ಬೇಕಿತ್ತು ಪುಟ್ಟಮ್ಮ?"

ಅವಳು ನನ್ನನ್ನು ನೋಡಿದಳು, ದಿಬ್ಬವನ್ನು ನೋಡಿದಳು. ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟಳು.

"ಏನೂ ಬ್ಯಾಡ ಕಣವ್ವ" ಎಂದಳು. "ಕುತ್ಕೋ."